ಪುತಳಾಬಾಯಿಯ ಬೀಸುಕಲ್ಲಿಗೆ ಸಿಕ್ಕ ಮನೆ

ಪುತಳಾಬಾಯಿ ಔರಾದ ಕಡೆಯವಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಮಗಳು ಸಖುವನ್ನೂ ಬೀಸುಕಲ್ಲನ್ನೂ ಬಂಡಿಯಲ್ಲಿ ಹಾಕಿಕೊಂಡು ಬೀದರಕ್ಕೆ ಬಂದಳು. ಮಂದಿಯ ಜೋಳ ಬೀಸಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ನಸುಕಿನಲ್ಲೇ ಕಲ್ಲು ತಿರುಗಬೇಕು. ಕಲ್ಲು ತಿರುಗಿದರೆ ಅವಳಿಗೆ ಹಾಡದೆ ಇರಲಾಗದು. ಬಾಡಿಗೆ ಕೋಣೆಯ ಮಾಲಕರಿಗೆ ಅದೇ ಸೇರುತ್ತಿರಲಿಲ್ಲ.

"ನಿದ್ದಿ ಕೆಡಸ್ತಿ. ಬ್ಯಾರೆ ಕಡಿ ನೋಡ್ಕೋ" ಎನ್ನುವರು. ಮತ್ತೆ ಬಂಡಿ, ಮತ್ತೊಂದು ಓಣಿ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್, ಅದರ ಹಿಂದಿನ ಗಲಭೆ ಆದಮೇಲೆ ಊರಲ್ಲಿ ನೆಲೆ ತಪ್ಪಿದವರು ಬಹಳ. ನಿವೃತ್ತ ಮಾಸ್ತರ ಶಿವರಾಜಪ್ಪನವರು ನಾಲ್ಕು ಜನರನ್ನು ಕೂಡಿಸಿ, ಅಂಥವರಿಗೆ ಮನೆ ಕಟ್ಟಿಕೊಡುವ ಸಂಘ ಮಾಡಿದರು. ಮುಜೀಬೋದ್ದೀನ ಸಾಹೇಬರು ಊರಾಚೆಯ ಜಾಗ ದಾನ ಕೊಟ್ಟರು. ಬಾಡಿಗೆ ಬಡವರ ಕೈಗೆಟುಕುವಷ್ಟೇ. ಅದೂ ದುರಸ್ತಿಗೆ, ಉಳಿದದ್ದು ಮುಂದಿನ ಮನೆಗೆ. ಸಂಘದವರು ಲಾಭವೆಂದು ಏನನ್ನೂ ಮುಟ್ಟುವಂತಿರಲಿಲ್ಲ.

ಪಾಯ ತೋಡುವ ಮೊದಲು ಮಾಸ್ತರರು ಅಲ್ಲಿ ಇರಬೇಕಾದವರನ್ನೇ ಕೂಡಿಸಿ ಕೇಳಿದರು: "ಮನ್ಯಾಗ ಏನೇನ ಬೇಕು, ಹೇಳ್ರಿ."

ಗಲಭೆಯಲ್ಲಿ ಗಂಡನನ್ನು ಕಳೆದುಕೊಂಡ ಹಾಜಿರಾಬೀ ಅಂಗಳಕ್ಕೆ ಆಳೆತ್ತರದ ಗೋಡೆ ಕೇಳಿದಳು.

"ನಂದೊಂದು ಬೀಸುಕಲ್ಲ ಅದರಿ" ಎಂದಳು ಪುತಳಾಬಾಯಿ. "ನಸಕಿನ್ಯಾಗ ಬೀಸ್ತೇನಿ, ಹಾಡ್ತೇನಿ. ಯಾರೂ ಬ್ಯಾಡ ಅನಬಾರದ್ರಿ."

"ಅನ್ನಾಕ ಇಲ್ಲಿ ಮಾಲಕನಽ ಇಲ್ಲವ್ವಾ. ಕಲ್ಲಿಗಿ ಒಂದು ಕಟ್ಟಿ ಕಟ್ಟಸೂಣು" ಎಂದರು ಮಾಸ್ತರರು.

ಅಲ್ಲೇ ಅಗೆದ ಕೆಂಪು ಕಲ್ಲಿನ ಗೋಡೆಗಳು ಎದ್ದವು. ಪುತಳಾಬಾಯಿಯೂ ಮಣ್ಣು ಹೊತ್ತಳು. ಹಾಜಿರಾಬೀಯ ಪಕ್ಕದ ಮನೆಯೇ ಅವಳಿಗೆ ಬಂತು.

ಮೊದಲ ನಸುಕಿನಲ್ಲಿ ಎದ್ದು ಕಲ್ಲಿಗೆ ಜೋಳ ಹಾಕಿದಳು. ಗೂಟ ಹಿಡಿದ ಕೈ ಮಾತ್ರ ತಿರುಗಲಿಲ್ಲ. ಪಕ್ಕದವಳು ಏನೆಂದುಕೊಂಡಾಳೋ! ಮೂಡಣ ಬೆಳ್ಳಗಾಗುತ್ತ ಬಂತು.

ಗೋಡೆಯಾಚೆಯಿಂದ ಹಾಜಿರಾಬೀ ಕೇಳಿದಳು: "ಪುತಳಾಬಾಯಿ, ಆರಾಮ ಇಲ್ಲೇನ್ರಿ?"

"ಆರಾಮ ಇದ್ದೀನ್ರಿ ಆಪಾ. ನಿಮ್ಮ ನಿದ್ದಿ ಕೆಡ್ತದಂತ..."

"ನಂದು ನಮಾಜ ಮುಗದು ಎಷ್ಟೊತ್ತಾಯ್ತು. ನೀವು ಹಾಡ್ತೀರಂತ ಕಾಯಕೋತ ಕುಂತೀನಿ."

ಪುತಳಾಬಾಯಿಗೆ ನಗು ತಡೆಯಲಿಲ್ಲ. ಕಲ್ಲು ತಿರುಗಿತು. ಓಣಿ ಓಣಿಯಲ್ಲಿ ಅರ್ಧಕ್ಕೆ ನುಂಗಿಕೊಂಡಿದ್ದ ಹಾಡುಗಳನ್ನೆಲ್ಲ ಹಾಡಿದಳು. ಸ್ವಲ್ಪ ಹೊತ್ತಿಗೆ ಹಾಜಿರಾಬೀ ತನ್ನ ಜೋಳದ ಮೊರ ಹಿಡಿದು ಬಂದು, ಎದುರಿಗೆ ಕೂತು ಗೂಟಕ್ಕೆ ತಾನೂ ಕೈ ಹಾಕಿದಳು. ಸಖು ಎದ್ದು ಬಂದಾಗ ಇಬ್ಬರ ಹುಬ್ಬಿಗೂ ಹಿಟ್ಟು ಮೆತ್ತಿತ್ತು.

ಕೆಲವು ವರ್ಷಗಳ ಮೇಲೆ ಸಂಘ ಭಾಲ್ಕಿಯಲ್ಲೂ ಮನೆ ಕಟ್ಟಿತು. ಅಷ್ಟರಲ್ಲಿ ಗೆಳತಿಯರಿಬ್ಬರೂ ಸಂಘದ ಕೆಲಸ ನೋಡಿಕೊಳ್ಳುವ ಪಂಚರಾಗಿದ್ದರು. ಮನೆ ಕೊಡುವ ದಿನ ಮಾಸ್ತರರ ಜೊತೆ ರೈಲಿನಲ್ಲಿ ಹೋದರು. ಅಲ್ಲಿ ಗುಂಡಮ್ಮ ಎಂಬ ವಿಧವೆ ಬಾಗಿಲಲ್ಲೇ ಅಳುಕುತ್ತ ನಿಂತಿದ್ದಳು.

"ಬಾಗಲ ಮುಂದ ಒಂದು ಆಡು ಕಟ್ಟಿದ್ರ ನಡೀತದೇನ್ರಿ?"

ಮಾಸ್ತರರು ಪುತಳಾಬಾಯಿಯ ಮುಖ ನೋಡಿದರು.

"ಎರಡ ಕಟ್ಟವ್ವಾ" ಎಂದಳು ಅವಳು. "ಮನಿ ನಿಂದು."

ಮಾತಿನಲ್ಲಿ ಸಂಜೆಯ ರೈಲು ತಪ್ಪಿಹೋಯಿತು. ಗುಂಡಮ್ಮನಿಗೆ ಅದೇ ಹಬ್ಬವಾಯಿತು. ಹೊಸ ಒಲೆ ಹೊತ್ತಿಸಿ, ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಬೀದರದ ನೆಂಟರನ್ನು ಒತ್ತಾಯ ಮಾಡಿ ಮಾಡಿ ಉಣಿಸಿದಳು.