ಅಧ್ಯಕ್ಷರು ಓಡಿದ ಸುತ್ತು

ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಮೈದಾನದ ಪಕ್ಕದ ಕೋಣೆಯಲ್ಲಿ ಅಥ್ಲೆಟಿಕ್ಸ್ ತರಬೇತುದಾರರೊಬ್ಬರ ಶಿಸ್ತು ವಿಚಾರಣೆ ಇತ್ತು. ವರದಿಗಾಗಿ ನಾನು ಬಂಗಾರಪೇಟೆಯಿಂದ ಹೋಗಿದ್ದೆ. ಬೆಳಿಗ್ಗೆ ಹತ್ತಕ್ಕೆ ಎಂದು ನೋಟಿಸಿನಲ್ಲಿತ್ತು. ತರಬೇತುದಾರರು ಒಂಬತ್ತೂಮುಕ್ಕಾಲಿಗೇ ಬಂದು, ಕೊರಳಲ್ಲಿ ಸೀಟಿ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು.

ಕ್ಯಾಸಂಬಳ್ಳಿ ಕಡೆಯ ಹತ್ತೊಂಬತ್ತು ವರ್ಷದ ಓಟಗಾರ್ತಿಗೆ ಅವರು ನಿಷೇಧಿತ ಮದ್ದು ಚುಚ್ಚಿದ್ದರೆಂಬುದು ಆರೋಪ. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವಳು ಅವಳು. ಅದು ಏನೆಂದು ಅವಳಿಗೆ ಗೊತ್ತಿರಲಿಲ್ಲ ಎಂಬುದು ದಾಖಲಾದರೆ ನಿಷೇಧ ಕಡಿಮೆಯಾಗಬಹುದಿತ್ತು. ಇಲ್ಲದಿದ್ದರೆ ಅವಳ ಓಟ ಅಲ್ಲಿಗೇ ಮುಗಿದಂತೆ. ತರಬೇತುದಾರರು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ.

ಸಮಿತಿಯ ಮೂವರೂ ಅವರ ಹಳೆಯ ಶಿಷ್ಯರು. ಊರಲ್ಲಿ ಓಟ ಬಲ್ಲವರು ಬೇರೆ ಯಾರೂ ಇರಲಿಲ್ಲ. ಅಧ್ಯಕ್ಷರು ಸ್ಕೂಟರ್ ನಿಲ್ಲಿಸಿದಾಗ ಹತ್ತು ಗಂಟೆ ಏಳು ನಿಮಿಷ. ತರಬೇತುದಾರರು ವಾಚು ನೋಡಿ ಸೀಟಿ ಊದಿದರು.

"ಲೇಟು ಕಣ್ಲಾ. ಒಂದ್ ರೌಂಡು."

ತಡವಾಗಿ ಬಂದವರು ಒಂದು ಸುತ್ತು ಓಡಬೇಕೆಂಬುದು ಆ ಮೈದಾನದ ಹಳೆಯ ಕಟ್ಟಳೆ. ಐವತ್ತು ದಾಟಿದ ಅಧ್ಯಕ್ಷರು ಕಡತವನ್ನು ಸ್ಕೂಟರಿನ ಮೇಲಿಟ್ಟು, ಚಪ್ಪಲಿ ಬಿಟ್ಟು, ಓಡಿದರು. ಹುಡುಗಿ, ಅವಳ ತಂದೆ, ನಾವೆಲ್ಲ ಕಾದೆವು.

"ಕೈ ಬೀಸ್ಲಾ, ಕೈ!"

ಆಮೇಲೆ ವಿಚಾರಣೆ ಶುರುವಾಯಿತು. ಅಧ್ಯಕ್ಷರು ಏದುಸಿರು ಬಿಡುತ್ತಲೇ ಹುಡುಗಿಯನ್ನು ಕೇಳಿದರು: "ಅಲ್ಲಮ್ಮಾ, ಇಷ್ಟ್ ದೊಡ್ಡೋಳು, ಸೂಜೀಲಿ ಏನೈತೆ ಅಂತ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

ಅವಳ ತಂದೆ ನಡುವೆ ಬಾಯಿ ಹಾಕಿದರು. "ಅಸೂಗ್ ಸೂಜಿ ಆಕುದ್ರೂ ಡಾಕ್ಟ್ರು, ಮೂರ್ ದಿನ ಡೈರೀಗೆ ಆಲು ಆಕ್ಬ್ಯಾಡ ಅಂತಾರೆ ಸಾರ್. ಇವ್ರು ಅಷ್ಟೂ ಅನ್ಲಿಲ್ಲ."

"ನೀ ಸುಮ್ನಿರಪ್ಪಾ," ಎಂದು ಹುಡುಗಿ ಅಧ್ಯಕ್ಷರತ್ತ ತಿರುಗಿದಳು. "ಈಗ ಓಡು ಅಂದಾಗ, ಯಾಕೆ ಅಂತ ನೀವ್ ಕೇಳುದ್ರಾ ಸಾರ್?"

ಒಬ್ಬ ಸದಸ್ಯರಿಗೆ ಕೆಮ್ಮು ಬಂತು.

"ಅವ್ನೆಂಗ್ ಕೇಳ್ತಾನೆ?" ತರಬೇತುದಾರರು ಎದೆಯುಬ್ಬಿಸಿ ಹೇಳಿದರು. "ನನ್ ಉಡುಗ್ರು ಯಾರೂ ಕೇಳಾಕಿಲ್ಲ. ಸೂಜಿಗೂ ಅಷ್ಟೇ. ಕೈ ಚಾಚು ಅಂದೆ, ಚಾಚಿದ್ಲು. ಏನು ಅಂತ ನಾನೂ ಅನ್ಲಿಲ್ಲ, ಅವ್ಳೂ ಕೇಳ್ಲಿಲ್ಲ."

ಅಧ್ಯಕ್ಷರು ಅದನ್ನು ಅಕ್ಷರಶಃ ಬರೆದುಕೊಂಡರು. ಕೆಳಗೆ ತಮ್ಮದೂ ಒಂದು ಸಾಲು ಸೇರಿಸಿದರು: 'ಇಂದು ನಾನೂ ಕಾರಣ ಕೇಳದೆ ಒಂದು ಸುತ್ತು ಓಡಿದ್ದೇನೆ.' ತರಬೇತುದಾರರನ್ನು ಕೆಲಸದಿಂದ ತೆಗೆದುಹಾಕುವಂತೆಯೂ ಅದರಡಿಯಲ್ಲೇ ಶಿಫಾರಸು ಮಾಡಿ, ಸಹಿಗಾಗಿ ಎದ್ದುನಿಂತು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ತರಬೇತುದಾರರು ಎಲ್ಲವನ್ನೂ ಓದಿದರು. ತಕರಾರು ಇದ್ದದ್ದು ಒಂದೇ.

"ಒಂದ್ ಸುತ್ತು ಎಲ್ಲಾಯ್ತು? ಕೊನೇ ತಿರುವಲ್ಲಿ ನೀ ಗೆರೆ ದಾಟಿ ಒಳಗಿಂದ ಬಂದೆ. ನಾ ನೋಡ್ಲಿಲ್ವಾ? ಮೋಸ ಕಣ್ಲಾ ಅದು."

'ಒಂದು' ಎಂಬುದನ್ನು ಹೊಡೆದು 'ಮುಕ್ಕಾಲು' ಎಂದು ತಿದ್ದಿ, ಸಹಿ ಹಾಕಿದರು. ಶಾಯಿ ಆರುವ ಮೊದಲೇ ಹುಡುಗಿ ಹಾಳೆಯ ಫೋಟೊ ತೆಗೆದುಕೊಂಡಳು.