ಅಡುಗೆಮನೆಯ ಹಿಂದಿನ ಬಾಗಿಲು

ಶೇವಂತಕ್ಕ, ನೀನು ಯಾವ ಬಾಗಿಲಿನಿಂದ ಹೊರಗೆ ಹೋದೆ ಎಂದು ಅವರಿಗೆ ಹೇಳಿದವನು ನಾನು. ಮಧ್ಯಾಹ್ನ ಮೂರೂಕಾಲು ಗಂಟೆ. ನಿಪ್ಪಾಣಿಯ ಆ ಮಂಗಲ ಕಾರ್ಯಾಲಯದ ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು. ಹೊತ್ತಿನ ಬಗ್ಗೆ ಅನುಮಾನವಿಲ್ಲ. ಉಳಿದದ್ದರ ಬಗ್ಗೆಯೂ ಇಲ್ಲ — ಇದೆ ಎಂದು ಇಷ್ಟು ವರ್ಷ ನಟಿಸಿದೆ, ಅಷ್ಟೇ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಓದುವ ಬೇರೆಯವರಿಗೂ ತಿಳಿಯಲಿ.

ನಾನಾಗ ಎಂ.ಎ. ಮುಗಿಸಿ, ಬೀಡಿ ಕಾರ್ಮಿಕರ ಹಿತ ಕಾಯುವ ವೇದಿಕೆ ಎಂದು ಹೇಳಿಕೊಳ್ಳುತ್ತಿದ್ದ ಒಂದು ಕಚೇರಿಯಲ್ಲಿದ್ದೆ. ಹೆಸರು ಕಾರ್ಮಿಕರದು, ಬಾಡಿಗೆ, ಪಗಾರ, ಚಹಾ ಎಲ್ಲವೂ ತಂಬಾಕು ಮಾಲೀಕರದು. ತಂಬಾಕಿನ ರೋಗಗಳನ್ನು ತಡೆಯಲು ಹಲವು ದೇಶಗಳ ಸರಕಾರಗಳು ವಿದೇಶದಲ್ಲಿ ಸಭೆ ಸೇರುವುದಿತ್ತು. ಪೊಟ್ಟಣದ ಮೇಲಿನ ಕ್ಯಾನ್ಸರ್ ಚಿತ್ರ ದೊಡ್ಡದಾಗಬೇಕೇ, ತೆರಿಗೆ ಏರಬೇಕೇ ಎಂಬುದು ಅಲ್ಲಿನ ಮಾತು. ಅದಕ್ಕೂ ಮೊದಲು ಆ ಸಭೆಯ ಕಡೆಯ ಒಂದು ತಂಡ ಇಲ್ಲಿಗೇ ಬಂದು ಕಾರ್ಮಿಕರನ್ನು ಕೇಳುತ್ತೇವೆ ಎಂದಿತು. ಮಾಲೀಕರು ಮಾತಾಡಿದರೆ ಯಾರೂ ನಂಬುವುದಿಲ್ಲ, ಬಡ ಹೆಂಗಸು ಅತ್ತರೆ ನಂಬುತ್ತಾರೆ. ಆ ಹೆಂಗಸನ್ನು ಹುಡುಕಿ ಮಾತು ಕಲಿಸುವುದು, ಅವಳ ಮಾತನ್ನು ತಂಡಕ್ಕೆ ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೆಲಸ.

ಮಾಲೀಕರ ವಖಾರಿಯಲ್ಲಿ, ಆ ಗೋದಾಮಿನ ಧೂಳಿನಲ್ಲಿ, ತಂಬಾಕು ಜರಡಿ ಹಿಡಿಯುತ್ತಿದ್ದ ನಿನ್ನನ್ನು ಆರಿಸಿದೆ.

“ಅಕ್ಕಾ, ‘ನಮ್ಮ ಹೊಟ್ಟೀ ಮ್ಯಾಲ ಹೊಡೀಬ್ಯಾಡ್ರಿ’ ಅನ್ನೂಮುಂದ ಸ್ವಲ್ಪ ಅಳಬೇಕ ನೋಡ,” ಎಂದೆ.

“ಅಳಾಕ ಬ್ಯಾರೆ ಪಗಾರ ಐತೇನೋ ತಮ್ಮಾ? ಜರಡಿ ಹಂತೇಕ ಬಾ, ನಿನ್ನೂ ಪುಕ್ಕಟ ಅಳಸ್ತೇನಿ,” ಎಂದು ನಕ್ಕೆ ನೀನು.

ತಂಡ ಬಂದ ದಿನ, ಆ ಮದುವೆ ಹಾಲಿನಲ್ಲಿ, ನೀನು ಅರ್ಧ ಭಾಷಣವನ್ನು ಕಲಿಸಿದಂತೆಯೇ ಹೇಳಿದೆ. ಆಮೇಲೆ ನಿಂತೆ. ಸೆರಗು ಸರಿಮಾಡಿಕೊಂಡೆ.

“ಇಷ್ಟು ಇವ್ರು ಕಲಿಸಿದ್ದರಿ. ಇನ್ನ ನಂದು ಕೇಳ್ರಿ. ನನ್ನ ಗಂಡನ ದವಡಿ ಕೊಯ್ದು ತಗದ್ರು. ಪೊಟ್ಟಣದ ಮ್ಯಾಲಿನ ಫೋಟೋ ಸಣ್ಣದು ಮಾಡ್ರಿ ಅಂತ ನಾ ಯಾಕ ಹೇಳ್ಲಿ? ನಮಗ ಬ್ಯಾರೆ ಕೆಲಸ ಹಚ್ಚಿಕೊಡ್ರಿ, ಆಮ್ಯಾಲ ಈ ಹಾಳ ಧಂದೆ ಬಂದ್ ಮಾಡ್ರಿ!”

ನಾನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಮೈಕ್ ಬಂದ್ ಆಯಿತು. ಕುರ್ಚಿಗಳು ಹಾರಿದವು. ಕನ್ನಡ ಬಾರದ ಆ ತಂಡವನ್ನು ಮುಂಬಾಗಿಲಿನಿಂದ ಕಾರಿಗೆ ಹತ್ತಿಸಿದರು. ಮಾಲೀಕರ ಕಡೆಯ ಗಂಡಸರು ವೇದಿಕೆಗೆ ನುಗ್ಗುತ್ತಿದ್ದಾಗ ನೀನು ನನ್ನ ಕೈ ಹಿಡಿದೆ — “ತಮ್ಮಾ, ಹೆಂಗ ಹೋಗ್ಲೋ?” ನಾನು ಅಡುಗೆಮನೆ ದಾಟಿಸಿ ಹಿಂದಿನ ಬಾಗಿಲು ತೋರಿಸಿದೆ.

ತಿರುಗಿದರೆ ವಖಾರಿಯ ಮುಕಾದಮ, ನಿಮಗೆಲ್ಲ ದಿನದ ಕೆಲಸ ಹಂಚುವವನು. ನನ್ನ ಕಾಲರ್ ಹಿಡಿದ.

“ಏನಲೇ ಪ್ರೊಫೆಸರ, ಛಲೋ ಕಲಿಸೀ ಭಾಷಣಾ! ಎಲ್ಲಿ ಹೋದ್ಲಾಕಿ?”

“ಹಿಂದಿನ ಬಾಗಲಾ.”

ಅವನು ಎರಡನೇ ಸಲ ಕೇಳಬೇಕಾಗಲಿಲ್ಲ. ಹೊಡೆಯಲೂ ಇಲ್ಲ. ಹೊಡೆದಿದ್ದರೆ — ಬೇಡ, ಅದನ್ನು ಬರೆಯುವುದಿಲ್ಲ.

ಅವನೂ ಇನ್ನಿಬ್ಬರೂ ಹಿಂದಿನ ಬಾಗಿಲಿಗೆ ಹೋದರು. ನಾನು ಅಡುಗೆಮನೆಯ ಕಿಟಕಿಯ ಸರಳು ಹಿಡಿದು ನೋಡಿದೆ. ಒಬ್ಬ ಚೀಲದಿಂದ ತಂಬಾಕಿನ ಪುಡಿ ಹಿಡಿತುಂಬ ತೆಗೆದು ನಿನ್ನ ಕಣ್ಣಿಗೆ ಎರಚಿದ. ನೀನು ಮುಖ ಮುಚ್ಚಿಕೊಂಡೆ. ಇನ್ನೊಬ್ಬ ಆ ಕೈಗಳನ್ನು ಕಿತ್ತು ಬೆನ್ನಿಗೆ ತಿರುಚಿದ. ಮೊದಲಿನವನು ಮತ್ತೆ ಎರಚಿ ಅಂಗೈಯಿಂದ ತಿಕ್ಕಿದ — ಗೋಡೆಗೆ ಸುಣ್ಣ ಬಳಿಯುವಂತೆ. ಮುಕಾದಮ ಒಲೆಗೆಂದು ಒಟ್ಟಿದ್ದ ಕಟ್ಟಿಗೆಯೊಂದನ್ನು ಎಳೆದುಕೊಂಡ. ಮೊಣಕೈ ಮುರಿದದ್ದು ಒಳಗೆ ನನಗೆ ಕೇಳಿಸಿತು. ಬಿದ್ದ ಮೇಲೂ ಹೊಡೆದರು — ಕಾಲಿಗೆ, ಬೆನ್ನಿಗೆ, ಬಾಯಿಗೆ. ಬಾಯಿಗೆ ಹೆಚ್ಚು.

“ತಮ್ಮಾ, ಬಾರೋ! ತಮ್ಮಾ!”

ನಾನು ಬಾಗಿಲಿಗೆ ಬಂದೆ, ಅಕ್ಕ. ಬಂದು ಒಳಗಿನಿಂದ ಅಗಳಿ ಹಾಕಿದೆ.

ಆ ವಾರವೇ ವೇದಿಕೆಯ ಹೆಸರಿನಲ್ಲಿ ಇಂಗ್ಲಿಷ್ ವರದಿ ಬರೆದುಕೊಟ್ಟೆ. ಕಾರ್ಮಿಕರು ಹೊಸ ನಿಯಮಗಳನ್ನು ಒಕ್ಕೊರಲಿನಿಂದ ವಿರೋಧಿಸಿದ್ದಾರೆ, ಅಂದಿನ ಗಲಾಟೆ ಆ ನಿಯಮಗಳ ಮೇಲಿನ ಬಡವರ ಸಿಟ್ಟು ಎಂದು ಬರೆದೆ. ನಿನ್ನ ರಕ್ತವನ್ನೂ ಅವರ ವಾದಕ್ಕೆ ಸೇರಿಸಿದೆ. ಮೇಲೆ ನೀನು ಮೈಕಿನ ಮುಂದೆ ನಿಂತ ಫೋಟೋ. ಅದು ವಿದೇಶದ ಸಭೆಗೆ ಹೋಯಿತು. ಅಲ್ಲಿ ಯಾರೋ ನಿನ್ನ ಫೋಟೋ ಎತ್ತಿ ತೋರಿಸಿದರಂತೆ. ತೀರ್ಮಾನ ಮುಂದಕ್ಕೆ ಹೋಯಿತು. ಕಚೇರಿಯಲ್ಲಿ ಪೇಡೆ ಹಂಚಿದರು, ನಾನೂ ತಿಂದೆ.

ನಿನ್ನ ಬಲಗಣ್ಣು ಹೋಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನೀನು ಪೊಲೀಸರಿಗೆ ಹೇಳಿದೆಯಂತೆ — “ನನಗೇನೂ ಕಾಣಲಿಲ್ರಿ. ನಮ್ಮ ತಮ್ಮ ನೋಡ್ಯಾನ, ಅಂವನ್ನ ಕೇಳ್ರಿ. ಸುಳ್ಳ ಹೇಳಾಂವಲ್ಲ ಅಂವಾ.”

ಕೇಳಿದರು. ನಾನು ಮುಂಬಾಗಿಲಿನಲ್ಲಿದ್ದೆ ಎಂದೆ.

ಇದನ್ನು ನಿನ್ನ ಮಗಳು ನಿನಗೆ ಓದಿ ಹೇಳಲಿ. ಚಿಕ್ಕೋಡಿಯಲ್ಲಿ ವಕೀಲರನ್ನು ಕಂಡು ಬಂದಿದ್ದೇನೆ. ಇಷ್ಟನ್ನೂ ಮುಕಾದಮನ ಹೆಸರು ಹಿಡಿದು, ನನ್ನ ಹೆಸರು ಹಿಡಿದು ಕೋರ್ಟಿನಲ್ಲಿ ಹೇಳುತ್ತೇನೆ. ಆದರೆ ಅಲ್ಲಿ ಯಾರೂ ಕೇಳದ ಒಂದು ಸಂಗತಿ ಉಳಿದಿದೆ. ಅದನ್ನು ನಿನಗೇ ಹೇಳಬೇಕು.

ಅಂದಿನಿಂದ ನನಗೆ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ನಿನ್ನ ಕೂಗು. ಇದೇ ಪಶ್ಚಾತ್ತಾಪ ಎಂದುಕೊಂಡು ಒಳಗೊಳಗೇ ನನ್ನ ಬಗ್ಗೆ ಸ್ವಲ್ಪ ಸಮಾಧಾನವೂ ಪಟ್ಟಿದ್ದೆ. ಸಾಕ್ಷಿ ಸಿಗಲಿಲ್ಲ ಎಂದು ಪೊಲೀಸರು ನಿನ್ನ ಪ್ರಕರಣ ಮುಚ್ಚಿದರು. ಆ ರಾತ್ರಿ, ಶೇವಂತಕ್ಕ, ನಾನು ಬೆಳಗಾಗುವವರೆಗೂ ಒಮ್ಮೆಯೂ ಏಳದೆ ನಿದ್ದೆ ಮಾಡಿದೆ.