ಚಿಕ್ಕೋರು ಇನ್ನೂ ದಾರೀಲವ್ರೆ

ಚಾಮರಾಜನಗರದ ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್ ಈ ಕೆಲಸಕ್ಕೂ ಮುಂಚೆ ಗುಂಡ್ಲುಪೇಟೆಯಲ್ಲಿ ಈರುಳ್ಳಿಯನ್ನು ಜರಡಿಗೆ ಹಾಕಿ ಸೈಜು ಮಾಡುತ್ತಿದ್ದವರು. ಮಣಿ ತುಂಬಿದ ಗಾಜಿನ ಕೊಳವೆಯಲ್ಲಿ ಪ್ರೋಟೀನುಗಳನ್ನು ಇಳಿಸಿ ಗಾತ್ರದಂತೆ ಬೇರೆ ಮಾಡುವುದನ್ನು ಕಂಡಾಗ ಅವರಿಗೆ ನೆನಪಾದದ್ದು ಆ ಜರಡಿಯೇ. ಜರಡಿಯಲ್ಲಿ ಚಿಕ್ಕದು ಮೊದಲು ಉದುರುತ್ತದೆ. ಹಾಗಾಗಿ ನನಗೆ ಬೇಕಾದ ಚಿಕ್ಕ ಪ್ರೋಟೀನಿಗಾಗಿ, ಕೊಳವೆಯಿಂದ ಇಳಿದದ್ದನ್ನು ಸಾಲಾಗಿ ಹಿಡಿದ ಟ್ಯೂಬುಗಳಲ್ಲಿ ಮೊದಲಿನವನ್ನು ಜೋಪಾನವಾಗಿ ಫ್ರಿಜ್ಜಿನಲ್ಲಿಟ್ಟು, ಕೊನೆಯವನ್ನು ತೊಳೆದು ಬೋರಲು ಹಾಕಿದ್ದರು. ನನ್ನ ಮೂರು ವಾರದ ಕೆಲಸ ಸಿಂಕಿಗೆ ಹೋಗಿತ್ತು.

ಅಳುತ್ತಲೇ ವಿವರಿಸಿದೆ. ಮಣಿಗಳ ತುಂಬಾ ಸಣ್ಣ ತೂತುಗಳಿವೆ; ದೊಡ್ಡವು ಒಳಗೆ ಹಿಡಿಸದೆ ನೇರ ಇಳಿಯುತ್ತವೆ, ಚಿಕ್ಕವು ಒಂದೊಂದರೊಳಗೂ ಹೊಕ್ಕು ಕೊನೆಗೆ ಬರುತ್ತವೆ.

"ಅಂಗಾರೆ ಚಿಕ್ಕೋರು ಎಲ್ಲಾರ್ ಮನೆಗೂ ಓಗಿ ಮಾತಾಡಿಸ್ಕಂಡ್ ಬತ್ತರೆ ಅನ್ನು," ಎಂದು ತಲೆ ಕೆರೆದುಕೊಂಡರು.

ಅಂದಿನಿಂದ ನಮ್ಮಲ್ಲಿ ಯಾರು ಕೊಳವೆಯ ನಲ್ಲಿ ನಿಲ್ಲಿಸಲು ಹೋದರೂ, "ತಡಿ, ಚಿಕ್ಕೋರು ಇನ್ನೂ ದಾರೀಲವ್ರೆ," ಎನ್ನುತ್ತಿದ್ದರು.

ನಾನು ಎರಡನೇ ಸಲ ಪ್ರಯತ್ನಿಸಿದ ದಿನ ಸಂಜೆಯಾದರೂ ಟ್ಯೂಬುಗಳಲ್ಲಿ ನನ್ನ ಪ್ರೋಟೀನು ಸಿಗಲಿಲ್ಲ. ಮರುದಿನ ವರದಿ ಕೊಡಬೇಕಿತ್ತು. "ಸಾಕು ಬುಡಿ ಅಣ್ಣ, ಎಲ್ಲಾ ಹೋಯ್ತು," ಎಂದು ನಲ್ಲಿಗೆ ಕೈ ಹಾಕಿದೆ.

ಅವರು ನನ್ನ ಕೈ ಸರಿಸಿದರು. "ತಡಿ ಕಣಮ್ಮಿ."

ಗೇಟಿನಾಚೆ ಹರದನಹಳ್ಳಿ ಬಸ್ಸು ಹಾರನ್ ಹೊಡೆಯಿತು. ಅವರು ದಿನಾ ಊರಿಗೆ ಹೋಗುತ್ತಿದ್ದ ಬಸ್ಸು ಅದು. ಸ್ಟೂಲಿನಿಂದ ಏಳಲಿಲ್ಲ; ಬಸ್ಸು ಹೋಯಿತು.

ಅಲ್ಲಿಂದ ನಾಲ್ಕನೇ ಟ್ಯೂಬಿಗೆ, ಪ್ರೋಟೀನು ಇದ್ದರೆ ತೋರಿಸುವ ಮೀಟರಿನ ಅಂಕಿ ಏರಿತು. ನನ್ನ ಮುಖ ನೋಡಿ, ತಡವಾದ ನೆಂಟರನ್ನು ವಿಚಾರಿಸುವ ದನಿಯಲ್ಲಿ ಅವರು ಕೇಳಿದ್ದು ಒಂದೇ ಮಾತು:

"ಬಂದ್ರಾ?"